ತಾಳಯಂತ್ರಕ್ಕೆ ಶ್ರುತಿ ಸೇರಿಸಿದ ಕಥೆ

ಗಣಕಯಂತ್ರದಲ್ಲಾಗಲಿ ಮೊಬೈಲಿನಲ್ಲಾಗಲಿ ತಾಳ ಕಟ್ಟುವ ತಂತ್ರಾಂಶವೊಂದನ್ನು ತೆರೆದರೆ ನಿಮಗೆ ಮೊದಲು ಕಾಣುವುದು ಹದಿನಾರು ಚೌಕಗಳ ಸಾಲು. ಯಾವ ಚೌಕವನ್ನು ಒತ್ತುತ್ತೀರೋ ಆ ಮಾತ್ರೆಯಲ್ಲಿ ಪೆಟ್ಟು ಬೀಳುತ್ತದೆ. ಇದು ಎರಡು ನಿಮಿಷದಲ್ಲಿ ಅರ್ಥವಾಗುವ ಸಂಗತಿ. ಆದರೆ ಪ್ರತಿ ವಾದ್ಯದ ಹೆಸರಿನ ಪಕ್ಕದಲ್ಲಿ ಸಣ್ಣ ಸಣ್ಣ ದುಂಡು ಗುಂಡಿಗಳ ಚಿತ್ರಗಳೂ ಇರುತ್ತವೆ. ಟ್ಯೂನ್, ಟೋನ್, ಡಿಕೇ, ಸ್ನ್ಯಾಪಿ, ಸ್ವಿಂಗ್ ಎಂದು ಅವುಗಳ ಕೆಳಗೆ ಬರೆದಿರುತ್ತದೆ. ಹೆಚ್ಚಿನವರು ಅವನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ಬಿಟ್ಟುಬಿಡುತ್ತಾರೆ. ಗಾಜಿನ ಪರದೆಯ ಮೇಲೆ ತಿರುಗಿಸುವ ಗುಂಡಿಯ ಚಿತ್ರವನ್ನು ಯಾಕೆ ಬರೆದರು, ಅದಕ್ಕೆ ಆ ಹೆಸರನ್ನೇ ಯಾಕೆ ಕೊಟ್ಟರು ಎಂದು ನೀವು ಕೇಳಿಕೊಂಡಿದ್ದೀರಾ? ಆ ಒಂದೊಂದು ಗುಂಡಿಯ ಹಿಂದೆಯೂ ಒಂದು ಚರಿತ್ರೆಯಿದೆ. ದೂರದರ್ಶನದ ಪರದೆಯಲ್ಲಿ ನಾದವನ್ನು ಕೇಳಿಸಬಹುದು, ಆದರೆ ಗುಂಡಿಯ ಚರಿತ್ರೆಯನ್ನು ಹೇಳುವುದಕ್ಕೆ ಪುಟವೇ ವಾಸಿ.

ನಮಗೆ ಗೊತ್ತಿರುವ ವಾದ್ಯದಿಂದಲೇ ಹೊರಡೋಣ. ಕಚೇರಿ ಶುರುವಾಗುವ ಮುನ್ನ ಮೃದಂಗ ವಿದ್ವಾಂಸರು ಏನು ಮಾಡುತ್ತಾರೆಂದು ನೀವು ನೋಡಿರುತ್ತೀರಿ. ಎಡಭಾಗದ ಚರ್ಮಕ್ಕೆ ರವೆ ಕಲಸಿ ಮೆತ್ತುತ್ತಾರೆ. ಬಲಭಾಗದ ಅಂಚಿಗೆ ಕಲ್ಲಿನಿಂದ ಮೇಲೋ ಕೆಳಗೋ ಮೆಲ್ಲಗೆ ತಟ್ಟಿ, ತಂಬೂರಿಯ ಷಡ್ಜಕ್ಕೆ ಸೇರುವವರೆಗೂ ಕಿವಿಗೊಟ್ಟು ಕೇಳುತ್ತಾರೆ. ಕೇಳುಗರು ಇದನ್ನು ಕಚೇರಿಯ ಭಾಗವೆಂದು ಎಣಿಸುವುದಿಲ್ಲ. ಆದರೆ ಆ ಹದಿನೈದು ನಿಮಿಷವಿಲ್ಲದೆ ಉಳಿದ ಮೂರು ಗಂಟೆಯಿಲ್ಲ. ಬಲಭಾಗದ ನಡುವೆ ಇರುವ ಕಪ್ಪು ಕರಣೆಯ ಮಹಿಮೆಯನ್ನು ವಿಜ್ಞಾನದ ಭಾಷೆಯಲ್ಲಿ ಮೊದಲು ವಿವರಿಸಿದವರು ಸಿ. ವಿ. ರಾಮನ್. 1920ರಲ್ಲಿ ಅವರು ಎಸ್. ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ವಿಸ್ತಾರವಾದ ಲೇಖನವನ್ನೇ ಪ್ರಕಟಿಸಿದರು. ಸಾಮಾನ್ಯ ಚರ್ಮವಾದ್ಯವನ್ನು ಹೊಡೆದಾಗ ಏಳುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಅಲ್ಲಿ ಕೇಳುವುದು ಸ್ವರಕ್ಕಿಂತ ಹೆಚ್ಚಾಗಿ ಸದ್ದು. ಕರಣೆಯ ಭಾರ ಆ ಕಂಪನಗಳನ್ನು ಸರಿಸಿ, ಮೊದಲ ಒಂಬತ್ತು ಬಗೆಗಳನ್ನು ಐದು ಹಾರ್ಮೋನಿಕ್‌ಗಳ ಗುಂಪಿಗೆ ತಂದು ನಿಲ್ಲಿಸುತ್ತದೆ. ಮೃದಂಗ, ತಬಲಾಗಳು ಶ್ರುತಿಗೆ ಸೇರುವುದು ಇದರಿಂದಲೇ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಯಂತ್ರಕ್ಕೆ ಬರೋಣ. ಅಮೆರಿಕದ ಸಂಗೀತಕಾರ ಹೆನ್ರಿ ಕೋವೆಲ್ ಅವರ ಕೋರಿಕೆಯ ಮೇರೆಗೆ ರಷ್ಯದ ಲಿಯಾನ್ ಥೆರೆಮಿನ್ 1931ರಲ್ಲಿ ‘ರಿದ್‌ಮಿಕಾನ್’ ಎಂಬ ಯಂತ್ರವನ್ನು ಕಟ್ಟಿಕೊಟ್ಟರು. ಒಂದು ಕೀಲಿ ಒತ್ತಿದರೆ ಒಂದು ಗತಿ, ಇನ್ನೊಂದು ಒತ್ತಿದರೆ ಅದರ ಎರಡು ಪಟ್ಟು, ಮತ್ತೊಂದಕ್ಕೆ ಮೂರು ಪಟ್ಟು, ಹೀಗೆ ಹದಿನಾರರವರೆಗೆ. ಯಂತ್ರ ಜನಪ್ರಿಯವಾಗಲಿಲ್ಲ. (ಇದೇ ಕೋವೆಲ್ ಮುಂದೆ ಮದ್ರಾಸಿಗೆ ಬಂದು ನಮ್ಮ ಸಂಗೀತವನ್ನು ಕೇಳಿ, ತಮ್ಮ ಹದಿಮೂರನೆಯ ಸಿಂಫನಿಗೆ ಆ ಊರಿನ ಹೆಸರನ್ನೇ ಇಟ್ಟರು.) ಮಾರುಕಟ್ಟೆಗೆ ಬಂದು ಮನೆಗಳನ್ನು ಹೊಕ್ಕ ಮೊದಲ ತಾಳಯಂತ್ರವೆಂದರೆ 1959ರಲ್ಲಿ ವುರ್ಲಿಟ್ಜರ್ ಕಂಪನಿ ತಯಾರಿಸಿದ ‘ಸೈಡ್ ಮ್ಯಾನ್’. ಮರದ ಪೆಟ್ಟಿಗೆಯೊಳಗೆ ಒಂದು ತಟ್ಟೆ ತಿರುಗುತ್ತಿತ್ತು. ಅದರ ಮೇಲಿನ ಲೋಹದ ಬಿಂದುಗಳು ಒಂದೊಂದಾಗಿ ವಿದ್ಯುತ್ ಸಂಪರ್ಕವನ್ನು ಮುಟ್ಟಿದಾಗ ನಿರ್ವಾತ ಕೊಳವೆಗಳು ಡೋಲಿನಂಥ, ಝಲ್ಲರಿಯಂಥ ಸದ್ದು ಹೊರಡಿಸುತ್ತಿದ್ದವು. ಹನ್ನೆರಡು ತಾಳಗಳಲ್ಲಿ ಬೇಕಾದ್ದನ್ನು ಆರಿಸಬಹುದಿತ್ತು, ಕಾಲಪ್ರಮಾಣವನ್ನು ಏರಿಸಿ ಇಳಿಸಬಹುದಿತ್ತು. ಆದರೆ ನಾದ ಕಾರ್ಖಾನೆಯಲ್ಲಿ ಹೇಗೆ ಹುಟ್ಟಿತೋ ಹಾಗೆಯೇ. ರವೆ ಮೆತ್ತಲು ಜಾಗವಿಲ್ಲ, ಕಲ್ಲಿನಿಂದ ತಟ್ಟಲು ಅಂಚಿಲ್ಲ!

ಈ ಕೊರತೆಯನ್ನು ನೀಗಿಸಿದವರಲ್ಲಿ ಮುಖ್ಯರು ಜಪಾನಿನ ಇಕುತಾರೊ ಕಕೆಹಾಶಿ. 1930ರಲ್ಲಿ ಒಸಾಕದಲ್ಲಿ ಹುಟ್ಟಿದ ಇವರು ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಹದಿಹರೆಯದಲ್ಲಿ ಗಡಿಯಾರ ರಿಪೇರಿ, ಆಮೇಲೆ ರೇಡಿಯೋ ರಿಪೇರಿ, ನಡುವೆ ಕ್ಷಯರೋಗದಿಂದ ಆಸ್ಪತ್ರೆವಾಸ. ಸಂಗೀತದ ಶಾಸ್ತ್ರೀಯ ಪಾಠ ಅವರಿಗೆ ಆಗಿರಲಿಲ್ಲ. ಅರವತ್ತರ ದಶಕದಲ್ಲಿ ‘ಏಸ್ ಟೋನ್’ ಹೆಸರಿನಲ್ಲಿ ಅವರು ಮಾಡಿದ ತಾಳದ ಪೆಟ್ಟಿಗೆಗಳು ಮನೆಯಲ್ಲಿ ಆರ್ಗನ್ ನುಡಿಸುವವರ ಜೊತೆಗಾರರಾದವು. 1972ರಲ್ಲಿ ‘ರೋಲ್ಯಾಂಡ್’ ಕಂಪನಿಯನ್ನು ಸ್ಥಾಪಿಸಿದರು. 1978ರ ‘ಸಿಆರ್-78’ ಯಂತ್ರದಲ್ಲಿ ಮೈಕ್ರೋಪ್ರೊಸೆಸರ್ ಬಂತು. ಬಳಸುವವನು ತನ್ನದೇ ತಾಳವನ್ನು ಕಟ್ಟಿ ಅದರ ಸ್ಮೃತಿಯಲ್ಲಿ ಉಳಿಸಬಹುದಾಯಿತು.

1980ನೆಯ ಇಸವಿಯಲ್ಲಿ ಒಂದೇ ಸಮಸ್ಯೆಗೆ ಎರಡು ಉತ್ತರಗಳು ಬಂದವು. ನಮ್ಮ ಕಥೆಯ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಅಮೆರಿಕದ ರೋಜರ್ ಲಿನ್ ಅವರದು. ಡೋಲಿನ ಸದ್ದು ಬೇಕೇ, ಡೋಲನ್ನೇ ಹೊಡೆಸಿ ಮುದ್ರಿಸಿಕೊಂಡರಾಯಿತು ಎಂದರು ಅವರು. ಲಾಸ್ ಏಂಜಲೀಸ್‌ನ ಆರ್ಟ್ ವುಡ್ ಎಂಬ ವಾದಕರು ಒಂದೊಂದೇ ಪೆಟ್ಟು ಹೊಡೆದುಕೊಟ್ಟರು. ಆ ಪೆಟ್ಟುಗಳು ಅಂಕಿಗಳಾಗಿ ಚಿಪ್ಪುಗಳೊಳಗೆ ಸೇರಿದವು. ಈ ಯಂತ್ರದ ಹೆಸರು ‘ಎಲ್ಎಂ-1’, ಬೆಲೆ 4,995 ಡಾಲರ್. ತಯಾರಾದದ್ದು ಸುಮಾರು 500 ಮಾತ್ರ. ಸ್ಮೃತಿಯ ಚಿಪ್ಪುಗಳು ಆಗ ಎಷ್ಟು ದುಬಾರಿಯಾಗಿದ್ದವೆಂದರೆ, ಬಹಳ ಹೊತ್ತು ಮೊಳಗುವ ದೊಡ್ಡ ತಾಳದ ಬಿಲ್ಲೆಯ, ಅಂದರೆ ಸಿಂಬಲಿನ ಸದ್ದನ್ನು ಅದರಲ್ಲಿ ಸೇರಿಸಲೇ ಇಲ್ಲ. ಆದರೆ ಪ್ರತಿ ವಾದ್ಯಕ್ಕೂ ಸ್ಥಾಯಿ ಬದಲಿಸುವ ಅವಕಾಶವಿತ್ತು. ಅದು ಕೆಲಸ ಮಾಡುತ್ತಿದ್ದುದು ಹೀಗೆ: ಅಂಕಿಗಳನ್ನು ಬೇಗ ಬೇಗ ಓದಿದರೆ ನಾದ ಏರುತ್ತದೆ, ನಿಧಾನವಾಗಿ ಓದಿದರೆ ಇಳಿಯುತ್ತದೆ. ಕ್ಯಾಸೆಟ್ಟನ್ನು ವೇಗವಾಗಿ ಓಡಿಸಿದಾಗ ಹಾಡುಗಾರನ ದನಿ ಕೀರಲಾಗುವುದನ್ನು ನಿಮ್ಮ ಮನೆಯ ಹಿರಿಯರು ಕೇಳಿರುತ್ತಾರೆ, ಅದೇ ತತ್ವ. ಇದರಲ್ಲಿ ಒಂದು ತೊಡಕಿದೆ. ಸ್ಥಾಯಿ ಇಳಿದಾಗ ಪೆಟ್ಟಿನ ಉದ್ದವೂ ಹಿಗ್ಗುತ್ತದೆ, ಡೋಲಿನ ಮರದ ಒಡಲೇ ದೊಡ್ಡದಾದಂತೆ ಕೇಳುತ್ತದೆ. ಆ ತೊಡಕನ್ನೇ ಗುಣವಾಗಿಸಿಕೊಂಡವರೂ ಇದ್ದಾರೆ. ಪ್ರಿನ್ಸ್ ಎಂಬ ಗಾಯಕ ಡೋಲಿನ ಅಂಚಿಗೆ ಕಡ್ಡಿ ತಾಗುವ ಚಿಕ್ಕ ಸದ್ದನ್ನು ಬಹಳ ಕೆಳಕ್ಕೆ ಇಳಿಸಿ, ಮರದ ಬಾಗಿಲು ತಟ್ಟಿದಂಥ ವಿಚಿತ್ರ ನಾದವನ್ನು ಪಡೆದ. 1984ರ ಅವನ ಹೆಸರಾಂತ ಹಾಡು ‘ವೆನ್ ಡವ್ಸ್ ಕ್ರೈ’ಯಲ್ಲಿ ಅದನ್ನು ಇಂದಿಗೂ ಕೇಳಬಹುದು.

ಎರಡನೆಯ ಉತ್ತರ ಕಕೆಹಾಶಿಯವರ ಕಂಪನಿಯದು: ‘ಟಿಆರ್-808’, ಬೆಲೆ 1,195 ಡಾಲರ್. ಇದರೊಳಗೆ ಯಾವ ಡೋಲಿನ ಮುದ್ರಣವೂ ಇಲ್ಲ. ದೇವಸ್ಥಾನದ ಗಂಟೆಯನ್ನು ಒಮ್ಮೆ ತಟ್ಟಿದರೆ ಅದು ತನ್ನದೇ ಸ್ಥಾಯಿಯಲ್ಲಿ ಮೊಳಗಿ ಮೆಲ್ಲಗೆ ಆರುತ್ತದೆಯಲ್ಲವೇ? ವಿದ್ಯುತ್ತಿನ ಒಂದು ಸಣ್ಣ ತಟ್ಟು ಬಿದ್ದೊಡನೆ ಹಾಗೆಯೇ ಮೊಳಗಿ ಆರುವ ಮಂಡಲವನ್ನು ಅದರ ಎಂಜಿನಿಯರುಗಳು ರಚಿಸಿದರು. ಅದೇ ದೊಡ್ಡ ಡೋಲು, ಅಂದರೆ ಬಾಸ್ ಡ್ರಮ್. ಅದರ ಕಂಪನ ಸೆಕೆಂಡಿಗೆ ಸುಮಾರು ಐವತ್ತು. ಈ ಡೋಲಿನ ನಾದವನ್ನು ತಿದ್ದಲು ಎರಡು ಗುಂಡಿಗಳಿದ್ದವು. ‘ಡಿಕೇ’ ತಿರುಗಿಸಿದರೆ ಮೊಳಗು ಆರುವ ಅವಧಿ ಹೆಚ್ಚುತ್ತದೆ. ಎಡಕ್ಕಿದ್ದಾಗ ‘ದಡ್’ ಎಂದು ನಿಲ್ಲುವ ಪೆಟ್ಟು ಬಲಕ್ಕೆ ಹೋದಂತೆ ‘ದೂ...ಮ್’ ಎಂದು ಹರಡುತ್ತದೆ. ‘ಟೋನ್’ ತಿರುಗಿಸಿದರೆ ಪೆಟ್ಟು ಬಿದ್ದ ಕ್ಷಣದ ಮೊನೆ ಹರಿತವಾಗುತ್ತದೆ ಅಥವಾ ಮಂದವಾಗುತ್ತದೆ. ಸ್ನೇರ್ ಡ್ರಮ್ಮಿನ ತಳದಲ್ಲಿ ತಂತಿಗಳು ಚರ್ಮಕ್ಕೆ ತಾಗಿ ‘ಝರ್’ ಎನ್ನುತ್ತವೆ. ಆ ಝರ್ ಎಷ್ಟಿರಬೇಕೆಂದು ಹೇಳುವ ಗುಂಡಿಗೇ ‘ಸ್ನ್ಯಾಪಿ’ ಎಂದು ಹೆಸರು. ನಿಲಯ ಸಿಗದಾಗ ರೇಡಿಯೋ ಮಾಡುವ ಸುರ್ ಶಬ್ದದಂಥದನ್ನೇ ಅಲ್ಲಿ ಬೆರೆಸುತ್ತಿದ್ದರು. ಸಿಂಬಲಿಗೆ ಒಂದಕ್ಕೊಂದು ಹೊಂದದ ಆರು ಕಂಪನಗಳನ್ನು ಕೂಡಿಸಿದರು. ರಾಮನ್ನರು ಹೇಳಿದ ಕರಣೆಯ ಕೆಲಸಕ್ಕೆ ಇದು ನೇರ ವಿರುದ್ಧ ನೋಡಿ. ಅಲ್ಲಿ ಹೊಂದದ್ದನ್ನು ಹೊಂದಿಸಿ ಸ್ವರ ಪಡೆದರು, ಇಲ್ಲಿ ಬೇಕೆಂದೇ ಹೊಂದಿಸದೆ ಲೋಹದ ಗದ್ದಲ ಪಡೆದರು. ಇದರ ಜೊತೆಗೆ ಕಾರ್ಖಾನೆಗಳು ದೋಷವಿದೆಯೆಂದು ತಳ್ಳಿಹಾಕಿದ ಟ್ರಾನ್ಸಿಸ್ಟರುಗಳನ್ನು ಆರಿಸಿ ತಂದು, ಅವುಗಳ ಸಿಡಿತವನ್ನು ನಾದದ ಭಾಗವಾಗಿಸಿದ್ದರು. ಮುಂದೆ ಟ್ರಾನ್ಸಿಸ್ಟರುಗಳ ಗುಣಮಟ್ಟ ಸುಧಾರಿಸಿ ಅಂಥ ‘ಕೆಟ್ಟ’ ಬಿಡಿಭಾಗ ಸಿಗದೆ ಹೋದದ್ದೂ ಯಂತ್ರದ ತಯಾರಿಕೆ ನಿಲ್ಲಲು ಕಾರಣವಾಯಿತೆಂದು ಕಕೆಹಾಶಿ ಹೇಳಿದ್ದಾರೆ.

ಯಾವುದು ಗೆದ್ದಿತು? ಆ ಕಾಲದ ಲೆಕ್ಕದಲ್ಲಿ ಎಲ್ಎಂ-1 ನಿಜವಾದ ಡೋಲು, 808 ಆಟಿಕೆ. ಸುಮಾರು 12,000 ಯಂತ್ರಗಳು ಮಾರಾಟವಾದ ಮೇಲೆ 1983ರಲ್ಲಿ 808ರ ತಯಾರಿಕೆ ನಿಂತಿತು. ಡೋಲಿನ ಹಾಗೆ ಕೇಳುವುದಿಲ್ಲ ಎಂಬುದೇ ಅದರ ಮೇಲಿದ್ದ ದೂರು. ಆದರೆ ಬೆಲೆ ಕಡಿಮೆ, ಹಳೆಯದಾದ ಮೇಲೆ ಇನ್ನೂ ಕಡಿಮೆ. ದೊಡ್ಡ ಸ್ಟುಡಿಯೋದ ಬಾಗಿಲು ತೆರೆಯದ ಹುಡುಗರ ಕೈಗೆ ಅದು ಸಿಕ್ಕಿತು. 1982ರಲ್ಲಿ ನ್ಯೂಯಾರ್ಕಿನಲ್ಲಿ ಆಫ್ರಿಕಾ ಬಂಬಾಟಾ ‘ಪ್ಲಾನೆಟ್ ರಾಕ್’ ಹಾಡನ್ನು ಮುದ್ರಿಸುವಾಗ ಅವರ ಬಳಿ 808 ಇರಲಿಲ್ಲ. ಪತ್ರಿಕೆಯ ಜಾಹೀರಾತು ನೋಡಿ, ಯಂತ್ರವಿದ್ದವನೊಬ್ಬನನ್ನು 20 ಡಾಲರಿಗೆ ಕರೆಸಿಕೊಂಡರಂತೆ. ಅದೇ ವರ್ಷ ಬೆಲ್ಜಿಯಂನ ಒಸ್ಟೆಂಡ್ ಪಟ್ಟಣದಲ್ಲಿದ್ದ ಮಾರ್ವಿನ್ ಗೇ, ದೊಡ್ಡ ವಾದ್ಯವೃಂದದ ಗೊಡವೆಯಿಲ್ಲದೆ ಈ ಯಂತ್ರವನ್ನೇ ಇಟ್ಟುಕೊಂಡು ಹಾಡು ಕಟ್ಟಿದರು. ಆಮೇಲಿನವರು ಡಿಕೇ ಗುಂಡಿಯನ್ನು ಬಲತುದಿಗೆ ತಿರುಗಿಸಿ, ಉದ್ದವಾದ ಆ ‘ದೂಮ್’ ಅನ್ನೇ ಮಂದ್ರದ ಸ್ವರವಾಗಿ ಬಳಸಿದರು. ಡೋಲು ಸ್ವರವಾದುದರಿಂದ ಕೆಲವು ಹಾಡುಗಳಿಗೆ ಬಾಸ್ ಗಿಟಾರೇ ಬೇಡವಾಯಿತು. ಎಂಜಿನಿಯರುಗಳು ಡೋಲನ್ನು ಅನುಕರಿಸಲೆಂದು ಇಟ್ಟ ಗುಂಡಿ, ಡೋಲು ಎಂದೂ ಮಾಡದ ಕೆಲಸಕ್ಕೆ ದಾರಿಯಾಯಿತು. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಅತಿ ಸ್ವಾರಸ್ಯದ ಘಟ್ಟ ಇದು.

ಎಲ್ಲರೂ ಸಂತೋಷಪಡಲಿಲ್ಲ. ಬ್ರಿಟನ್ನಿನ ವಾದ್ಯಗಾರರ ಒಕ್ಕೂಟದ ಮಧ್ಯ ಲಂಡನ್ ಶಾಖೆ 1982ರಲ್ಲಿ ಸಿಂಥಸೈಜರ್ ಮತ್ತು ತಾಳಯಂತ್ರಗಳನ್ನು ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ಅದು ಜಾರಿಗೆ ಬರಲಿಲ್ಲ. ಹಾಗೆಂದು ಅವರನ್ನು ಹಳೆಯ ಕಾಲದವರೆಂದು ನಗುವುದು ಸುಲಭ, ನ್ಯಾಯವಲ್ಲ. ಆರ್ಟ್ ವುಡ್ ಒಂದು ಬಾರಿ ಹೊಡೆದ ಪೆಟ್ಟು ಲಕ್ಷಾಂತರ ಬಾರಿ ಕೇಳಿಸುತ್ತದೆ, ಆ ಪ್ರತಿ ಬಾರಿಯೂ ಯಾವನೋ ಒಬ್ಬ ವಾದಕನಿಗೆ ಕರೆ ಹೋಗುವುದಿಲ್ಲ. ಅವರ ಭಯ ಅನ್ನದ ಭಯ.

ಇದೇ 1982ರಲ್ಲಿ ಮುಂಬಯಿಯಲ್ಲೊಂದು ಪ್ರಯೋಗ ನಡೆಯಿತು. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅವರು 808ನ್ನೂ ಅದೇ ಕಂಪನಿಯ ‘ಟಿಬಿ-303’, ‘ಜುಪಿಟರ್-8’ ಯಂತ್ರಗಳನ್ನೂ ಇಟ್ಟುಕೊಂಡು, ಹತ್ತು ರಾಗಗಳನ್ನು ಡಿಸ್ಕೋ ತಾಳದ ಮೇಲೆ ನುಡಿಸಿ ಒಂದು ಧ್ವನಿಮುದ್ರಿಕೆ ತಂದರು. ಕೊಂಡವರು ಕಡಿಮೆ. 2010ರಲ್ಲಿ ವಿದೇಶದಲ್ಲಿ ಅದು ಮರುಮುದ್ರಣವಾದಾಗ, ಷಿಕಾಗೋದಲ್ಲಿ ಐದಾರು ವರ್ಷಗಳ ಅನಂತರ ಹುಟ್ಟಿದ ‘ಆಸಿಡ್ ಹೌಸ್’ ಎಂಬ ಶೈಲಿಯನ್ನು ಇವರು ಮೊದಲೇ ನುಡಿಸಿಬಿಟ್ಟಿದ್ದರಲ್ಲ ಎಂದು ಜನ ಬೆರಗಾದರು. ಎಪ್ಪತ್ತರ ವಯಸ್ಸಿನಲ್ಲಿ ಅವರು ಯೂರೋಪಿನ ವೇದಿಕೆಗಳಲ್ಲಿ ಅದನ್ನು ಮತ್ತೆ ನುಡಿಸಿದರು, 2015ರಲ್ಲಿ ತೀರಿಕೊಂಡರು.

ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಬೇಕಾದ ಯಂತ್ರವೇ ಬೇರೆ. ಒಬ್ಬಂಟಿಯಾಗಿ ಅಭ್ಯಾಸ ಮಾಡುವ ವಿದ್ಯಾರ್ಥಿ ಠೇಕಾದ ಕ್ಯಾಸೆಟ್ ಹಾಕಿಕೊಂಡರೆ ಅದರ ಕಾಲಪ್ರಮಾಣ ಒಂದೇ. ನಿಧಾನ ಮಾಡಿದರೆ ತಬಲಾದ ಶ್ರುತಿಯೂ ಇಳಿದು ತಂಬೂರಿಯಿಂದ ಬೇರೆಯಾಗುತ್ತದೆ. ಎಂಜಿನಿಯರರೂ ಕೊಳಲು ವಾದಕರೂ ಆದ ರಾಜ್ ನಾರಾಯಣ್ ಅವರು ಬೆಂಗಳೂರಿನಲ್ಲಿ ಕಟ್ಟಿದ ‘ರಾಡೆಲ್’ ಸಂಸ್ಥೆ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳ ಜೊತೆಗೆ ‘ತಾಲ್‌ಮಾಲಾ’ ಎಂಬ ತಬಲಾ ಯಂತ್ರವನ್ನೂ ಕರ್ನಾಟಕ ಸಂಗೀತಕ್ಕೆ ‘ತಾಳೋಮೀಟರ್’ ಎಂಬ ಪೆಟ್ಟಿಗೆಯನ್ನೂ ತಂದಿತು. ಇಂಥ ತಬಲಾ ಯಂತ್ರದಲ್ಲಿ ಕಾಲಪ್ರಮಾಣಕ್ಕೆ ಒಂದು ಗುಂಡಿ, ಶ್ರುತಿಗೆ ಇನ್ನೊಂದು. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುವುದಿಲ್ಲ. ನ್ಯೂಯಾರ್ಕಿನ ಹುಡುಗನಿಗೆ ಟ್ಯೂನ್ ಗುಂಡಿ ಬಣ್ಣ ಬದಲಿಸುವ ಸಾಧನ. ಮಲ್ಲೇಶ್ವರದಲ್ಲಿ ಖಯಾಲ್ ಕಲಿಯುವ ಹುಡುಗಿಗೆ ಅದಿಲ್ಲದಿದ್ದರೆ ಪಾಠವೇ ನಡೆಯದು.

ಇನ್ನು ಪರದೆಯ ಗುಂಡಿಗಳಿಗೆ ಬರೋಣ. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲು ‘ಮಿಡಿ’ ಎಂಬ ಸಾಮಾನ್ಯ ಒಪ್ಪಂದ ಬಂತು. ಅದಕ್ಕಾಗಿ ಡೇವ್ ಸ್ಮಿತ್ ಮತ್ತು ಕಕೆಹಾಶಿ ಅವರಿಗೆ 2013ರಲ್ಲಿ ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಪುರಸ್ಕಾರ ದೊರೆಯಿತು. ತೊಂಬತ್ತರ ದಶಕದಲ್ಲಿ ಗಣಕಯಂತ್ರಗಳ ವೇಗ ಹೆಚ್ಚಿ, ಮಂಡಲ ಮಾಡುತ್ತಿದ್ದ ಕೆಲಸವನ್ನು ಲೆಕ್ಕದಿಂದಲೇ ಮಾಡುವುದು ಸಾಧ್ಯವಾಯಿತು. 1997ರಲ್ಲಿ ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಸಂಸ್ಥೆಯ ‘ರೀಬರ್ತ್’ ತಂತ್ರಾಂಶ ಜನರ ಕೈಗೆ ಬಂದು 808ನ್ನೂ 303ನ್ನೂ ಪರದೆಯ ಮೇಲೆ ಮರುಹುಟ್ಟಿಸಿತು. ಗುಂಡಿಗಳನ್ನು ಹಾಗೆಯೇ ಚಿತ್ರಿಸಿ ಮೌಸಿನಿಂದ ತಿರುಗಿಸುವಂತೆ ಮಾಡಿದ್ದರು. ನಿಮ್ಮ ಪರದೆಯ ಮೇಲಿನ ದುಂಡು ಚಿತ್ರಗಳು ಬಂದದ್ದು ಈ ವಂಶದಿಂದ.

ಒಂದು ಗುಂಡಿ ಮಾತ್ರ ನಾದಕ್ಕೆ ಸೇರದೆ ನಡೆಗೆ ಸೇರಿದ್ದು: ‘ಸ್ವಿಂಗ್’. ಇದು ರೋಜರ್ ಲಿನ್ ಅವರ ಕೊಡುಗೆ. 1988ರಲ್ಲಿ ಅವರು ಅಕಾಯ್ ಕಂಪನಿಗೆ ರೂಪಿಸಿದ ‘ಎಂಪಿಸಿ-60’ ಯಂತ್ರದಲ್ಲಿ ಇದಕ್ಕೆ ಶೇಕಡಾ 50ರಿಂದ 75ರವರೆಗೆ ಅಂಕಿ ಕೊಡಬಹುದಿತ್ತು. ತಾಳ ಕಲಿತ ನಿಮಗೆ ಇದು ಬಲು ಸುಲಭ. ಎರಡು ಪೆಟ್ಟುಗಳ ಒಂದು ಜೋಡಿಯನ್ನು ತೆಗೆದುಕೊಳ್ಳಿ. 50 ಎಂದರೆ ಎರಡಕ್ಕೂ ಸಮನಾದ ಜಾಗ. 66 ಎಂದರೆ ಮೊದಲನೆಯದಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು ಪಾಲು. ತಿಶ್ರ ನಡೆಯಲ್ಲಿ ‘ತಕಿಟ’ ಹೇಳುತ್ತ ನಡುವಿನ ‘ಕಿ’ಯನ್ನು ನುಂಗಿದಂತೆ. 75 ಎಂದರೆ ಚತುರಶ್ರದಲ್ಲಿ ‘ತಕಧಿಮಿ’ಯ ನಡುವಿನ ಎರಡನ್ನೂ ನುಂಗಿದಂತೆ. ಹಾಗಾದರೆ 54ಕ್ಕೋ 58ಕ್ಕೋ ಏನು ಹೆಸರು? ನಮ್ಮಲ್ಲೂ ಇಲ್ಲ, ಪಶ್ಚಿಮದ ಲಿಪಿಯಲ್ಲೂ ಇಲ್ಲ. ಆದರೆ ಒಳ್ಳೆಯ ವಾದಕನ ಕೈ ಅಲ್ಲಿ ಸದಾ ಓಡಾಡುತ್ತಿರುತ್ತದೆ.

ನೀವೇ ಪರೀಕ್ಷಿಸಿ ನೋಡಬೇಕೆಂದರೆ ‘ಹೈಡ್ರೋಜನ್’ ಎಂಬ ತಾಳಯಂತ್ರದ ತಂತ್ರಾಂಶವಿದೆ, ಹಣ ಕೊಡಬೇಕಿಲ್ಲ. ಪ್ರತಿ ವಾದ್ಯಕ್ಕೂ ಸ್ಥಾಯಿ, ಮೊಳಗುವ ಮತ್ತು ಆರುವ ಅವಧಿ, ನಾದವನ್ನು ಸೋಸುವ ಫಿಲ್ಟರ್ ಎಲ್ಲವೂ ಇವೆ. ಯಂತ್ರದ ಪೆಟ್ಟನ್ನು ಬೇಕೆಂದೇ ತುಸು ಹಿಂದುಮುಂದು ಮಾಡಿ ಮನುಷ್ಯನ ಕೈಯಂತೆ ಕೇಳಿಸುವ ಗುಂಡಿಯೂ ಇದೆ. ಒಂದು ಬಾರಿಗೆ ಒಂದೇ ಗುಂಡಿಯನ್ನು ತಿರುಗಿಸಿ, ಕೇಳಿ, ಮೊದಲಿನ ಜಾಗಕ್ಕೆ ತನ್ನಿ, ಮತ್ತೆ ಕೇಳಿ. ಮೊಬೈಲಿನ ಪುಟ್ಟ ಸ್ಪೀಕರ್ ಸೆಕೆಂಡಿಗೆ ಐವತ್ತು ಕಂಪನದ ನಾದವನ್ನು ನುಡಿಸಲಾರದು. ಅದರಲ್ಲಿ ದೊಡ್ಡ ಡೋಲಿನ ಡಿಕೇ ತಿರುಗಿಸಿ ಏನೂ ಆಗಲಿಲ್ಲವೆಂದು ಬೇಸರಪಡಬೇಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲು ಧ್ವನಿಯನ್ನು ತಗ್ಗಿಸಿಕೊಂಡು. ಆಮೇಲೆ ತಬಲಾದ ಮುದ್ರಿತ ಪೆಟ್ಟೊಂದನ್ನು ಹಾಕಿ ಐದು ಸ್ವರ ಕೆಳಗಿಳಿಸಿ. ಅದು ತಬಲಾ ಎನಿಸದೆ ಹೋಗುವುದು ಯಾಕೆ? ಕರಣೆ, ಚರ್ಮ, ಮರದ ಒಡಲು, ಬೆರಳಿನ ತಾಗು ಎಲ್ಲವೂ ಒಟ್ಟಿಗೆ ಜಾರಿದವು. ಕಲ್ಲು ಹಿಡಿದ ವಿದ್ವಾಂಸರು ಬದಲಿಸುವುದು ಅವುಗಳಲ್ಲಿ ಒಂದನ್ನು ಮಾತ್ರ.

ರೀಬರ್ತ್‌ನ ಕಥೆ ಅರ್ಧಕ್ಕೆ ನಿಂತಿತಲ್ಲವೇ? ಗಣಕಯಂತ್ರದ ಆವೃತ್ತಿಯನ್ನು ತಯಾರಕರು 2005ರಲ್ಲಿ ನಿಲ್ಲಿಸಿ, ಉಚಿತವಾಗಿ ಹಂಚಿದರು. 2010ರಲ್ಲಿ ಐಪ್ಯಾಡಿಗೆ ಮತ್ತೆ ತಂದರು. 2017ರಲ್ಲಿ ರೋಲ್ಯಾಂಡ್ ಕಂಪನಿ ಅದು ತನ್ನ ಸ್ವತ್ತಿನ ಹಕ್ಕಿಗೆ ಧಕ್ಕೆಯೆಂದು ತಿಳಿಸಿದ ಮೇಲೆ ಅದನ್ನು ಮಾರಾಟದಿಂದ ತೆಗೆಯಬೇಕಾಯಿತು. ಅದೇ ವರ್ಷದ ಏಪ್ರಿಲ್ 1ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ, ಕಕೆಹಾಶಿ ತೀರಿಕೊಂಡಿದ್ದರು. ಒಂದು ಡೋಲಿನ ‘ದೂಮ್’ ಯಾರಿಗೆ ಸೇರಿದ್ದು, ಅದರ ಮಂಡಲ ರಚಿಸಿದವರಿಗೋ, ಗುಂಡಿಯನ್ನು ಬಲತುದಿಗೆ ತಿರುಗಿಸಿ ತೋರಿಸಿದ ಹುಡುಗರಿಗೋ? ನಿಮ್ಮ ತರಗತಿಯಲ್ಲಿ ಚರ್ಚೆಗೆ ಇಟ್ಟು ನೋಡಿ.